ಮೋಸವಿಲ್ಲದ ಜೂಜು ನಿರ್ದೋಷವೆ?

ಶ್ರಾವಕನು ತೊರೆಯಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ಪೂರ್ವಾಚಾರ್ಯರು ದ್ಯೂತವನ್ನು ಮೊದಲಲ್ಲಿಯೇ ಇರಿಸಿದ್ದಾರೆ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಗಮನ ಇವೆಲ್ಲವೂ ಅದರ ಅನಂತರ ಬರುತ್ತವೆ. ಮೇಲ್ನೋಟಕ್ಕೆ ಈ ಕ್ರಮವು ಅಚ್ಚರಿ ಹುಟ್ಟಿಸುವಂಥದು. ಬೇಟೆಯಲ್ಲಿ ಪ್ರಾಣಿಯ ಜೀವ ಹೋಗುತ್ತದೆ. ಕಳವಿನಲ್ಲಿ ಪರರ ಸೊತ್ತು ಹೋಗುತ್ತದೆ. ಜೂಜಿನಲ್ಲಿ ಹೋಗುವುದು ಆಡುವವನ ಸ್ವಂತ ಹಣ. ಅದೂ ಅವನ ಪೂರ್ಣ ಒಪ್ಪಿಗೆಯಿಂದ. ಹಾಗಿದ್ದೂ ಅದಕ್ಕೆ ಅಗ್ರಸ್ಥಾನವೇಕೆ ಎಂಬ ಪ್ರಶ್ನೆಯನ್ನು ಇಂದಿನ ತರುಣನೊಬ್ಬನು ಕೇಳಿದರೆ ಅವನನ್ನು ಗದರಿಸಿ ಸುಮ್ಮನಾಗಿಸುವುದು ಉತ್ತರವಾಗಲಾರದು.

ಹಿಂದಿನವರಿಗೆ ಈ ಪ್ರಶ್ನೆಯು ಅಷ್ಟಾಗಿ ಕಾಡಿರಲಾರದು. ಅವರು ಕಂಡ ಜೂಜುಗಳಲ್ಲಿ ದೋಷವು ಕಣ್ಣಿಗೆ ಎದ್ದು ಕಾಣುತ್ತಿತ್ತು. ತುಳುನಾಡಿನ ಕೋಳಿ ಅಂಕದಲ್ಲಿ ಕಾಲಿಗೆ ಕತ್ತಿ ಕಟ್ಟಿಸಿಕೊಂಡ ಮೂಕಜೀವಿ ರಕ್ತ ಸುರಿಸುತ್ತದೆ. ಅದನ್ನು ಹಿಂಸೆಯೆನ್ನಲು ಶಾಸ್ತ್ರಾಧಾರ ಬೇಕಿಲ್ಲ. ಜಾತ್ರೆಯ ಗದ್ದೆಯ ಅಂಚಿನಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಡೆಯುವ ಅಂದರ್ ಬಾಹರ್ ಆಟದಲ್ಲಿ ಕೈಚಳಕ, ಕುಡಿತ, ಹೊಡೆದಾಟಗಳು ಜತೆಗೂಡಿರುತ್ತವೆ. ಮಟ್ಕಾದ ಚೀಟಿಯ ಹಿಂದೆ ಕಾನೂನಿಗೆ ಹೆದರಿ ಅಡಗಿ ಕುಳಿತವನೊಬ್ಬನಿರುತ್ತಾನೆ. ಆದುದರಿಂದ ಜೂಜಿನ ದೋಷವೆಂದರೆ ಅದರ ಸುತ್ತಲಿನ ಹಿಂಸೆ, ಮೋಸ, ಕಲಹಗಳೇ ಎಂದು ಜನರು ತಿಳಿದುಕೊಂಡುದು ಸಹಜ. ಈಗ ಈ ಮೂರನ್ನೂ ಕಳಚಿಟ್ಟ ಜೂಜೊಂದು ಎದುರಿಗೆ ಬಂದಿದೆ. ಅದರಲ್ಲಿ ಪ್ರಾಣಿಯಿಲ್ಲ, ಎದುರಾಳಿಯಿಲ್ಲ, ಜಗಳವಿಲ್ಲ. ಒಬ್ಬ ಮನುಷ್ಯ, ಒಂದು ಕುರ್ಚಿ, ಒಂದು ಯಂತ್ರ, ಇಷ್ಟೇ. ಸಪ್ತವ್ಯಸನದ ಮೊದಲನೆಯದನ್ನು ಪರೀಕ್ಷಿಸಲು ಇದಕ್ಕಿಂತ ಸ್ವಚ್ಛವಾದ ಉದಾಹರಣೆ ದೊರಕುವುದು ಕಷ್ಟ.

ನೆರೆಯ ಗೋವೆಯಲ್ಲಿ 1976ರ ಜೂಜು ನಿಷೇಧ ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ವಿದ್ಯುನ್ಮಾನ ಜೂಜುಯಂತ್ರಗಳನ್ನು ಇರಿಸಲು ಅವಕಾಶ ಮಾಡಿಕೊಡಲಾಯಿತು. 1996ರ ತಿದ್ದುಪಡಿಯಿಂದ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಜೂಜಿಗೂ ಅನುಮತಿ ದೊರೆಯಿತು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣಗೊಂಡ ಮೇಲಂತೂ ಉಡುಪಿಯಿಂದ ಮಡಗಾಂವಿಗೆ ಹೋಗುವುದು ಕೆಲವು ತಾಸುಗಳ ಮಾತಾಯಿತು. ಇದೇ ಗೋವೆಯ ಸರ್ಕಾರವು 2020ರಲ್ಲಿ ತನ್ನ ರಾಜ್ಯದ ನಿವಾಸಿಗಳು ಕ್ಯಾಸಿನೊಗಳಿಗೆ ಪ್ರವೇಶಿಸಕೂಡದೆಂದು ಆದೇಶ ಹೊರಡಿಸಿತು. ಅತಿಥಿಗೆ ಬಡಿಸುವ ಭಕ್ಷ್ಯವನ್ನು ತನ್ನ ಮಕ್ಕಳಿಗೆ ಮುಟ್ಟಗೊಡದ ಅಡುಗೆಯವನ ಮನಸ್ಸಿನಲ್ಲಿ ಏನಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಕಾರ್ಕಳದ ಕಡೆಯ ಸದ್ಗೃಹಸ್ಥನೊಬ್ಬನು ವ್ಯವಹಾರದ ನಿಮಿತ್ತ ಗೋವೆಗೋ ವಿದೇಶಕ್ಕೋ ಹೋದವನು ಹೊಸ ವಿಡಿಯೊ ಪೋಕರ್ ಯಂತ್ರಗಳ ಸಾಲಿನ ಮುಂದೆ ಕುಳಿತನೆಂದು ಕಲ್ಪಿಸಿಕೊಳ್ಳಬಹುದು. ಅವನ ಮೊದಲ ಅನಿಸಿಕೆಗಳೆಲ್ಲ ಯಂತ್ರದ ಪರವಾಗಿಯೇ ಇರುತ್ತವೆ. ಪರದೆ ತಿಳಿಯಾಗಿದೆ. ಎಲೆಗಳು ಸ್ಪಷ್ಟವಾಗಿವೆ. ಕುರ್ಚಿ ಮೆತ್ತಗಿದೆ. ಯಾರೂ ಆತುರಪಡಿಸುವುದಿಲ್ಲ, ಯಾರೂ ಆಡಿಕೊಂಡು ನಗುವುದಿಲ್ಲ. ಆಟವೂ ಕ್ಲಿಷ್ಟವಲ್ಲ. 52 ಎಲೆಗಳಿಂದ 5 ಎಲೆಗಳನ್ನು ಯಂತ್ರವು ಹರಡುತ್ತದೆ. ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ಒಮ್ಮೆ ಬದಲಾಯಿಸಿಕೊಳ್ಳಬಹುದು. ಕೊನೆಗೆ ಕೈಯಲ್ಲಿ ಕನಿಷ್ಠ ಗುಲಾಮನ ಜೋಡಿಯಾದರೂ ಉಳಿದರೆ ಹಾಕಿದ ಹಣ ಮರಳುತ್ತದೆ. ಅದಕ್ಕಿಂತ ಉತ್ತಮವಾದ ಕೂಟಕ್ಕೆ ಹೆಚ್ಚು ಹಣ. ಯಾವ ಕೂಟಕ್ಕೆ ಎಷ್ಟು ಎಂಬ ಕೋಷ್ಟಕವು ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆಯೇ ಇದೆ.

1970ರ ದಶಕದ ಕೊನೆಯಲ್ಲಿ ಅಮೆರಿಕದ ನೆವಾಡ ರಾಜ್ಯದಲ್ಲಿ ಈ ಯಂತ್ರವು ಬಳಕೆಗೆ ಬಂದಾಗ ಹಳೆಯ ಗಾಲಿಯಂತ್ರಗಳಿಗಿಂತ ಇದಕ್ಕೆ ಹೆಚ್ಚಿನ ಗೌರವ ದೊರೆಯಲು ಕಾರಣವೂ ಇದೇ. ಗಾಲಿಯಂತ್ರದಲ್ಲಿ ಹಿಡಿಯನ್ನು ಎಳೆಯುವುದಷ್ಟೇ ಆಡುವವನ ಪಾಲಿಗೆ. ಇದರಲ್ಲಿ ಆಲೋಚನೆಗೆ ಎಡೆಯಿದೆ. 52 ಎಲೆಗಳಿಂದ 5 ಎಲೆಗಳ 25,98,960 ಬೇರೆ ಬೇರೆ ಕೂಟಗಳು ಸಾಧ್ಯ. ಪ್ರತಿಯೊಂದಕ್ಕೂ ಯಾವ ಎಲೆಯನ್ನು ಉಳಿಸಿಕೊಳ್ಳುವುದು ಶ್ರೇಷ್ಠವೆಂಬುದನ್ನು ಗಣಿತದಿಂದ ನಿರ್ಧರಿಸಬಹುದು. ಆದುದರಿಂದ ಈ ಆಟಗಾರನ ಬಾಯಲ್ಲಿ ಮೂರು ಸಮರ್ಥನೆಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಯಂತ್ರವು ಮೋಸ ಮಾಡುವುದಿಲ್ಲ. ಎರಡನೆಯದು, ಇದು ಕೇವಲ ಅದೃಷ್ಟದ ಆಟವಲ್ಲ, ಬುದ್ಧಿಯ ಆಟ. ಮೂರನೆಯದು, ಆಡುವುದು ತನ್ನ ಹಣದಿಂದ. ಇದರಿಂದ ಯಾವ ಜೀವಕ್ಕೂ ನೋವಿಲ್ಲ. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸುವುದು ಉಚಿತ.

ಮೊದಲು ಮೋಸದ ಮಾತು. ಯಂತ್ರವನ್ನು ತಿದ್ದದೆ ನಿಯಮದಂತೆ ನಡೆಸಿದರೆ ಅದು ಪ್ರಾಮಾಣಿಕವೇ ಎಂದು ಒಪ್ಪಿಕೊಳ್ಳೋಣ. ಬಲ್ಲ ಆಟಗಾರನು ಹೊಸ ಯಂತ್ರದ ಮುಂದೆ ಕುಳಿತೊಡನೆ ಕೋಷ್ಟಕದ ಎರಡು ಅಂಕಿಗಳನ್ನು ನೋಡುತ್ತಾನೆ. ಒಂದೇ ಅಂಕದ ಮೂರು ಎಲೆಗಳ ಜತೆಗೆ ಮತ್ತೊಂದು ಜೋಡಿ ಬಂದರೆ ಎಷ್ಟು ಪಾಲು, ಒಂದೇ ಜಾತಿಯ ಐದು ಎಲೆ ಬಂದರೆ ಎಷ್ಟು ಪಾಲು ಎಂಬುದು. ಈ ಅಂಕಿಗಳು 9 ಮತ್ತು 6 ಆಗಿದ್ದರೆ, ಒಂದೂ ತಪ್ಪಿಲ್ಲದೆ ಆಡುವವನಿಗೆ ಹಾಕಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 99.54 ರೂಪಾಯಿ ಮರಳುತ್ತದೆ. ಅವೇ 8 ಮತ್ತು 5 ಆಗಿದ್ದರೆ 97.30 ರೂಪಾಯಿ. ಪರದೆ ಅದೇ, ಎಲೆಗಳು ಅವೇ, ಬಣ್ಣವೂ ಅದೇ. ಎರಡು ಅಂಕಿಗಳು ಒಂದೊಂದರಷ್ಟು ಕಡಿಮೆಯಾದುದರಿಂದ ನಷ್ಟವು ಸುಮಾರು ಆರು ಪಟ್ಟಾಯಿತು. ಇದರಲ್ಲಿ ಗುಟ್ಟೇನೂ ಇಲ್ಲ. ಎಲ್ಲವನ್ನೂ ಬೆಳಕಿನಲ್ಲಿಯೇ ಬರೆದಿರಿಸಲಾಗಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಅಭ್ಯಾಸವಾದವನು ತಾಸಿಗೆ 600 ಆಟ ಆಡುವುದು ಅಸಾಧ್ಯವಲ್ಲ. ಆಟವೊಂದಕ್ಕೆ 50 ರೂಪಾಯಿಯಂತೆ ತಾಸಿಗೆ 30,000 ರೂಪಾಯಿ ಯಂತ್ರದೊಳಗೆ ಹಾದುಹೋಗುತ್ತದೆ. ಉತ್ತಮ ಯಂತ್ರದಲ್ಲಿ ದೋಷರಹಿತವಾಗಿ ಆಡಿದವನ ಸರಾಸರಿ ನಷ್ಟ ತಾಸಿಗೆ 138 ರೂಪಾಯಿ. ಎರಡನೆಯ ಬಗೆಯ ಯಂತ್ರದಲ್ಲಿ 810 ರೂಪಾಯಿ. ಅದರಲ್ಲೂ ಮರಳುವ ಹಣದ ಸುಮಾರು 2 ಪಾಲು ಒಂದೇ ಒಂದು ಕೂಟಕ್ಕೆ, ಎಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಸೇರಿ ಬರುವ ಮಹಾಕೂಟಕ್ಕೆ ಮೀಸಲಾಗಿದೆ. ಅದು ಬರುವುದು ಸರಾಸರಿ 40,000 ಆಟಗಳಿಗೊಮ್ಮೆ. ತಾಸಿಗೆ 600ರಂತೆ 66 ತಾಸುಗಳಿಗೂ ಹೆಚ್ಚು ಕಾಲ ಕಾಯಬೇಕಾದ ಆ ಅತಿಥಿಯು ಬರುವತನಕ ಉಳಿದ ನಷ್ಟವು ಇನ್ನೂ ಹೆಚ್ಚಾಗಿಯೇ ಇರುತ್ತದೆ. ಯಂತ್ರವು ಸುಳ್ಳು ಹೇಳಲಿಲ್ಲ ನಿಜ. ಆದರೆ ಸತ್ಯವನ್ನು ಎದುರಿಗಿಟ್ಟು ಅದನ್ನು ಮರೆಯುವಂತೆ ಮಾಡುವ ಕಲೆಯು ಸುಳ್ಳಿಗಿಂತ ಹೆಚ್ಚು ನಿರ್ದೋಷವೆಂದು ಹೇಳಲಾಗದು.

ಇಲ್ಲಿ ಪುರಾಣದ ಒಂದು ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳಬೇಕಾಗುತ್ತದೆ. ಸಪ್ತವ್ಯಸನಗಳ ಕಥೆಗಳಲ್ಲಿ ದ್ಯೂತಕ್ಕೆ ಉದಾಹರಣೆಯಾಗಿ ಬರುವವನು ಧರ್ಮರಾಯ. ಆದಿಕವಿ ಪಂಪನು 941ರಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯವನ್ನು ಓದಿದವರಿಗೂ, ಯಕ್ಷಗಾನದ ಬಯಲಾಟಗಳಲ್ಲಿ ಆ ಪ್ರಸಂಗವನ್ನು ನೋಡಿದವರಿಗೂ ಈ ಕಥೆ ಹೊಸದಲ್ಲ. ನೋಡುವವರ ಕೋಪವೆಲ್ಲ ಶಕುನಿಯ ಮೇಲೆ ಹರಿಯುತ್ತದೆ. ಕಪಟದ ದಾಳವಲ್ಲದಿದ್ದರೆ ಅನರ್ಥವಾಗುತ್ತಿರಲಿಲ್ಲವೆಂಬ ಸಮಾಧಾನದಿಂದ ಅವರು ಮನೆಗೆ ಹೋಗುತ್ತಾರೆ. ಆದರೆ ದಾಳವು ಪ್ರಾಮಾಣಿಕವಾಗಿದ್ದರೆ ತಮ್ಮಂದಿರನ್ನೂ ಧರ್ಮಪತ್ನಿಯನ್ನೂ ಪಣವಾಗಿ ಒಡ್ಡಿದುದು ಸರಿಯಾಗುತ್ತಿತ್ತೆ? ಒಂದು ವೇಳೆ ಧರ್ಮರಾಯನೇ ಗೆದ್ದು ದುರ್ಯೋಧನನ ಪರಿವಾರವನ್ನು ದಾಸರನ್ನಾಗಿ ಮಾಡಿಕೊಂಡಿದ್ದರೆ ಆಗ ಅದು ಧರ್ಮವಾಗುತ್ತಿತ್ತೆ? ಹಾಗೆಂದು ಯಾರೂ ಹೇಳಲಾರರು. ಶಕುನಿಯ ಕಪಟವು ಇನ್ನೊಂದು ಪಾಪ. ಅದು ದ್ಯೂತದ ಪಾಪಕ್ಕೆ ಸೇರಿಕೊಂಡಿತೇ ಹೊರತು ಅದೇ ದ್ಯೂತದ ಪಾಪವಲ್ಲ. ಶಕುನಿಯಿಲ್ಲದ ಪಗಡೆಯನ್ನು ಈ ಯಂತ್ರವು ತಂದೊಡ್ಡಿದೆ. ಆದಕಾರಣ ಉಳಿದ ದೋಷವನ್ನು ಈಗ ಮರೆಯಿಲ್ಲದೆ ಕಾಣಬಹುದಾಗಿದೆ.

ಎರಡನೆಯದು ಬುದ್ಧಿಯ ಮಾತು. ಈ ವಾದಕ್ಕೆ ನ್ಯಾಯಾಲಯಗಳಲ್ಲಿ ದೊಡ್ಡ ಚರಿತ್ರೆಯೇ ಇದೆ. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1960ರ ದಶಕದಲ್ಲಿಯೇ ಹೇಳಿತು. 1996ರಲ್ಲಿ ಕುದುರೆಪಂದ್ಯವನ್ನೂ ಕೌಶಲದ ಆಟದ ಸಾಲಿಗೆ ಸೇರಿಸಿತು. ಕರ್ನಾಟಕದ ವಿಡಿಯೊ ಆಟದ ಅಂಗಡಿಗಳ ವಿಷಯವೂ ಅದೇ ನ್ಯಾಯಾಲಯದ ಮುಂದೆ ಬಂದಿತ್ತು. 1995ರಲ್ಲಿ ಎಂ.ಜೆ. ಶಿವಾನಿ ಮೊಕದ್ದಮೆಯಲ್ಲಿ ಅಂಥ ಅಂಗಡಿಗಳಿಗೆ ಪರವಾನಗಿಯ ನಿಯಂತ್ರಣ ಇರತಕ್ಕದ್ದೇ ಎಂದು ತೀರ್ಪಾಯಿತು. ಮುಂದೆ ಆಟವು ಅಂಗಡಿಯಿಂದ ಕೈಯ ಮೊಬೈಲಿಗೆ ಬಂದಾಗ ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಅದರೊಳಗೆ ಸೇರಿಸಿದ ಅಂಶಗಳನ್ನು ರಾಜ್ಯದ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. ಅನಂತರ ಸಂಸತ್ತು ಅಂಗೀಕರಿಸಿ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆಯು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವುದೇ ಲಕ್ಷಣವೆಂದು ಗ್ರಹಿಸಿತು.

ಕಾನೂನಿಗೆ ಇಂಥ ಗೆರೆಗಳು ಅಗತ್ಯ. ಯಾರನ್ನು ಶಿಕ್ಷಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅದು ನಿರ್ಧರಿಸಬೇಕಾಗಿದೆ. ಶ್ರಾವಕಾಚಾರದ ಪ್ರಶ್ನೆ ಬೇರೆ. ಆಟದಲ್ಲಿ ಬುದ್ಧಿ ಇದೆಯೇ ಎಂದು ಅದು ಕೇಳುವುದಿಲ್ಲ. ಬುದ್ಧಿಯು ಯಾವುದರ ಸೇವೆಗೆ ನಿಂತಿದೆಯೆಂದು ಕೇಳುತ್ತದೆ. ಕಳ್ಳನಿಗೂ ಕೌಶಲ ಬೇಕು, ಬೇಟೆಗಾರನಿಗೂ ಬೇಕು. ಮೇಲಿನ ಲೆಕ್ಕದಲ್ಲಿ ದೋಷರಹಿತ ಕೌಶಲವು ಸಾಧಿಸಿದುದಾದರೂ ಏನು? ಸೋಲನ್ನು ನಿಧಾನಗೊಳಿಸಿದುದು ಮಾತ್ರ. ಮನುಷ್ಯಜನ್ಮದಲ್ಲಿ ದೊರೆತ ಮತಿಜ್ಞಾನವನ್ನು ತಾಸುಗಟ್ಟಲೆ ವ್ಯಯಿಸಿ, ಯಾರ ಹಸಿವನ್ನೂ ತಣಿಸದೆ, ಯಾವ ವಸ್ತುವನ್ನೂ ಉತ್ಪಾದಿಸದೆ, ನಷ್ಟದ ವೇಗವನ್ನು ಕಡಿಮೆ ಮಾಡುವ ವಿದ್ಯೆಯಿದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತದ ತ್ಯಾಗವನ್ನು ಅನರ್ಥದಂಡವ್ರತದ ಪ್ರಸಂಗದಲ್ಲಿ ಹೇಳಿರುವುದು ಅರ್ಥಪೂರ್ಣವಾಗಿದೆ. ಬೇಸಾಯದಲ್ಲಿ, ಅಡುಗೆಯಲ್ಲಿ, ವ್ಯಾಪಾರದಲ್ಲಿ ಗೃಹಸ್ಥನಿಗೆ ಆಗುವ ಆರಂಭಹಿಂಸೆಗೆ ಒಂದು ಪ್ರಯೋಜನವಾದರೂ ಇದೆ. ಪ್ರಯೋಜನವೇ ಇಲ್ಲದೆ ಆತ್ಮನು ದಂಡ ತೆರುವುದು ಅನರ್ಥದಂಡ. ಬುದ್ಧಿಯು ಹೆಚ್ಚಾದಷ್ಟೂ ಇಲ್ಲಿ ದಂಡವು ಹೆಚ್ಚೇ ಹೊರತು ಕಡಿಮೆಯಲ್ಲ.

ಇನ್ನು ಮೂರನೆಯ ಸಮರ್ಥನೆ. ಇದೇ ಅತ್ಯಂತ ಬಲವಾದುದು. ತನ್ನ ಹಣ, ತನ್ನ ವೇಳೆ, ಯಾರಿಗೂ ನೋವಿಲ್ಲ ಎಂಬುದು. ಗೆದ್ದವನ ಹಣವು ಯಂತ್ರದಲ್ಲಿ ಹುಟ್ಟಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಅದೇ ಕುರ್ಚಿಯಲ್ಲಿ ಹಿಂದೆ ಕುಳಿತು ಎದ್ದುಹೋದವರ ಹಣವದು. ಪಗಡೆಯಲ್ಲಿ ಸೋತವನ ಮುಖವು ಗೆದ್ದವನಿಗೆ ಎದುರಿಗೇ ಕಾಣುತ್ತಿತ್ತು. ಕರುಣೆ ಹುಟ್ಟಲು ಅಷ್ಟಾದರೂ ಅವಕಾಶವಿತ್ತು. ಯಂತ್ರವು ಆ ಮುಖವನ್ನು ಮರೆಮಾಡಿದೆ. ನೋವು ಇಲ್ಲವಾದುದಲ್ಲ, ಕಾಣದಾದುದು. ಸೋತವನ ಮನೆಯಲ್ಲಿ ಅಡವಿಗೆ ಹೋದ ಬಂಗಾರ, ಕಟ್ಟಲಾಗದ ಶಾಲೆಯ ಶುಲ್ಕ, ಹೆತ್ತವರೆದುರು ಹೇಳಿದ ಮೊದಲ ಸುಳ್ಳು ಇವುಗಳಿಗೆ ಪರದೆಯ ಮೇಲೆ ಕೋಷ್ಟಕವಿಲ್ಲ.

ಆದರೂ ಆಟಗಾರನು, ತಾನು ಒಬ್ಬಂಟಿಗ, ಸಾಕಷ್ಟು ಸಿರಿವಂತ, ಗೆಲ್ಲುವ ಆಸೆಯೂ ತನಗಿಲ್ಲ ಎನ್ನಬಹುದು. ಆಗ ಉಳಿಯುವುದು ಅವನ ಆತ್ಮದ ಪ್ರಶ್ನೆಯೊಂದೇ. ನತಾಶಾ ಡೌ ಶುಲ್ ಎಂಬ ಮಾನವಶಾಸ್ತ್ರಜ್ಞೆ ಲಾಸ್ ವೇಗಸ್ ನಗರದಲ್ಲಿ ಯಂತ್ರದ ಜೂಜಿಗೆ ಅಂಟಿಕೊಂಡವರನ್ನು ದೀರ್ಘಕಾಲ ಅಭ್ಯಸಿಸಿ 2012ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡವರಲ್ಲಿ ವಿಡಿಯೊ ಪೋಕರ್ ಆಡುವವರೂ ಇದ್ದರು. ಅಂಥ ಹಲವರು ಗೆಲ್ಲುವುದಕ್ಕಾಗಿ ಆಡುವುದಿಲ್ಲ, ಆಡುತ್ತಲೇ ಇರುವುದಕ್ಕಾಗಿ ಆಡುತ್ತಾರೆಂಬುದು ಅವರ ಮುಖ್ಯ ನಿರೂಪಣೆ. ಯಂತ್ರದ ಮುಂದೆ ಹೊತ್ತು, ಹಣ, ಹಸಿವು, ಸುತ್ತಲಿನ ಜನ, ಕಡೆಗೆ ತಾನೆಂಬ ಅರಿವು ಕೂಡ ಮರೆಯಾಗುವ ಒಂದು ಸ್ಥಿತಿ ಅವರಿಗೆ ಬೇಕಾಗಿರುತ್ತದೆ. ದೊಡ್ಡ ಗೆಲುವು ಬಂದರೂ ಆ ಸ್ಥಿತಿಗೆ ಭಂಗವಾಯಿತೆಂದು ಬೇಸರಿಸುವವರುಂಟು.

ಜೈನ ಓದುಗರಿಗೆ ಈ ವರ್ಣನೆಯು ಒಂದು ಗಾಬರಿಯನ್ನು ಉಂಟುಮಾಡಬೇಕು. ಅಲುಗದೆ ಕುಳಿತುಕೊಳ್ಳುವುದು, ಒಂದೇ ವಿಷಯದಲ್ಲಿ ಮನಸ್ಸನ್ನು ನಿಲ್ಲಿಸುವುದು, ದೇಹದ ಬಾಧೆಯನ್ನು ಮರೆಯುವುದು ಇವು ಸಾಮಾಯಿಕದ ಹೊರಲಕ್ಷಣಗಳೂ ಆಗಿವೆ. ಎರಡು ಘಳಿಗೆ, ಎಂದರೆ 48 ನಿಮಿಷ ಸಾಮಾಯಿಕಕ್ಕೆ ಕುಳಿತವನನ್ನೂ, ಅಷ್ಟೇ ಹೊತ್ತಿನಲ್ಲಿ 480 ಆಟ ಆಡಿ ಮುಗಿಸಿದವನನ್ನೂ ದೂರದಿಂದ ನೋಡಿದರೆ ಇಬ್ಬರೂ ನಿಶ್ಚಲರಾಗಿ ಕಂಡಾರು. ಏಕಾಗ್ರತೆಯಷ್ಟೇ ಪುಣ್ಯವಲ್ಲವೆಂಬುದನ್ನು ಜೈನಸಿದ್ಧಾಂತವು ಬಹು ಹಿಂದೆಯೇ ಕಂಡುಕೊಂಡಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿರುವುದು ಈ ಕಾರಣದಿಂದಲೇ. ಮೊದಲೆರಡೂ ಧ್ಯಾನಗಳೇ, ಆದರೆ ಸಂಸಾರಕ್ಕೆ ಕಟ್ಟುವ ಧ್ಯಾನಗಳು. ಹೋದುದು ಮರಳಲೆಂಬ ಚಿಂತೆ, ಇನ್ನೂ ಬಾರದುದು ಬರಲೆಂಬ ನಿದಾನ, ಇವು ಆರ್ತಧ್ಯಾನದ ಭೇದಗಳು. ಆರು ಸೆಕೆಂಡಿಗೊಮ್ಮೆ ಈ ಎರಡನ್ನೂ ಹೊತ್ತಿಸಿ ನಂದಿಸುವ ಯಂತ್ರವು ಆರ್ತಧ್ಯಾನದ ಪಾಠಶಾಲೆಯೇ ಸರಿ. ಸಾಮಾಯಿಕದಲ್ಲಿ ಮನಸ್ಸು ತನ್ನನ್ನು ಅರಿಯಲು ನಿಲ್ಲುತ್ತದೆ. ಇಲ್ಲಿ ತನ್ನನ್ನು ಮರೆಯಲು ನಿಲ್ಲುತ್ತದೆ. ದ್ಯೂತಕ್ಕೆ ಸಪ್ತವ್ಯಸನಗಳಲ್ಲಿ ಅಗ್ರಸ್ಥಾನವೇಕೆಂಬುದಕ್ಕೆ ಇದೇ ಉತ್ತರವಾದೀತು. ಉಳಿದ ವ್ಯಸನಗಳಿಗೆ ಹೊರಗಿನ ವಸ್ತು ಬೇಕು. ದ್ಯೂತಕ್ಕೆ ಬೇಕಾದ ವಸ್ತು ಆಡುವವನ ಮನಸ್ಸೇ. ಅದು ಕೈತಪ್ಪಿದ ಮೇಲೆ ಉಳಿದ ಆರಕ್ಕೂ ಬಾಗಿಲು ತೆರೆದೇ ಇರುತ್ತದೆ.

ಹಾಗಾದರೆ ಆಟವೆಲ್ಲ ಪಾಪವೆ ಎಂದು ಕೇಳಬಹುದು. ಹಾಗಲ್ಲ. ಆಟಿಯ ಮಳೆಗಾಲದಲ್ಲಿ ತುಳುನಾಡಿನ ಮನೆಗಳ ಚಾವಡಿಯಲ್ಲಿ ಚೆನ್ನೆಮಣೆಯನ್ನು ಆಡುತ್ತಿದ್ದುದು ಪಣಕ್ಕಾಗಿ ಅಲ್ಲ. ಹೊತ್ತು ಕಳೆಯಲು, ಲೆಕ್ಕ ಕಲಿಯಲು. ಆದರೂ ಸಿರಿಯ ಪಾಡ್ದನವು ಒಂದು ಎಚ್ಚರಿಕೆಯನ್ನು ಉಳಿಸಿಕೊಂಡು ಬಂದಿದೆ. ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳನ್ನು ಆ ಮಣೆಯಿಂದಲೇ ಹೊಡೆದು ಕೊಲ್ಲುತ್ತಾಳೆ. ಅನಂತರ ತಾನೂ ಬದುಕಿ ಉಳಿಯುವುದಿಲ್ಲ. ಕಾರ್ಕಳ ತಾಲೂಕಿನ ನಂದಳಿಕೆಯ ಸಿರಿಜಾತ್ರೆಗೆ ಹೋಗಿಬಂದವರಿಗೆ ಈ ಕಥೆಯ ಪರಿಚಯವಿರುತ್ತದೆ. ಅಲ್ಲಿ ಹಣದ ಪಣವಿರಲಿಲ್ಲ, ಗೆಲ್ಲಬೇಕೆಂಬ ಮಾನಕಷಾಯ ಮಾತ್ರವಿತ್ತು. ಆಟಕ್ಕೂ ವ್ಯಸನಕ್ಕೂ ನಡುವಿನ ಗೆರೆಯು ಮಣೆಯ ಮೇಲಿಲ್ಲ, ಕುಳಿತವರ ಒಳಗಿದೆ. ಹಣವು ಆ ಕಷಾಯಕ್ಕೆ ಎರೆಯುವ ತುಪ್ಪ.

ದಿನವೂ ಮಾಡುವ ಸಣ್ಣ ಕೆಲಸವು ಮನುಷ್ಯನನ್ನು ಹೇಗೆ ರೂಪಿಸುತ್ತದೆಂಬುದಕ್ಕೆ ಉಡುಪಿ ಜಿಲ್ಲೆಗೆ ತನ್ನದೇ ಆದ ಒಂದು ನಿದರ್ಶನವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಮಣಿಪಾಲವನ್ನು ಕೇಂದ್ರವನ್ನಾಗಿ ಮಾಡಿಕೊಂಡು, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಹಾಗೆ ಕೂಡಿಟ್ಟ ಹಣದಿಂದ ಮಗಳ ಮದುವೆಯೋ ಮಗನ ಓದೋ ನಡೆಯುತ್ತಿತ್ತು. ಎರಡಾಣೆಯು ದೊಡ್ಡ ಮೊತ್ತವಲ್ಲ. ಆದರೆ ದಿನವೂ ಇಂದಿನ ಆಸೆಯೊಂದನ್ನು ನಾಳೆಗಾಗಿ ತಡೆಹಿಡಿಯುವ ಅಭ್ಯಾಸವು ದೊಡ್ಡದು. ಯಂತ್ರವೂ ಸ್ವಲ್ಪ ಸ್ವಲ್ಪವಾಗಿಯೇ ಹಣ ತೆಗೆದುಕೊಳ್ಳುತ್ತದೆ. ಎರಡರಲ್ಲಿಯೂ ಹನಿಗೂಡಿ ಹಳ್ಳವಾಗುತ್ತದೆ. ಒಂದರಲ್ಲಿ ಸಂಯಮದ ಹಳ್ಳ, ಇನ್ನೊಂದರಲ್ಲಿ ಋಣದ ಹಳ್ಳ.

ಈ ವಿಚಾರವು ಕ್ಯಾಸಿನೊಗೆ ಹೋಗುವ ಕೆಲವರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸಿದರೆ ಆತ್ಮವಂಚನೆಯಾದೀತು. ಮಣಿಪಾಲದಲ್ಲಿ ಓದುವ ಮಕ್ಕಳ ಕೈಯಲ್ಲಿಯೂ, ಕಾಪುವಿನ ಅಂಗಡಿಯಲ್ಲಿ ಗಿರಾಕಿಗಾಗಿ ಕಾದು ಕುಳಿತವನ ಕೈಯಲ್ಲಿಯೂ ಇರುವ ಪರದೆಯು ಅದೇ ಯಂತ್ರವಾಗಬಲ್ಲುದು. ವ್ಯಾಪಾರಿ ಮನೆತನಗಳಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಷೇರುಪೇಟೆಯ ವಾಯಿದೆ ವ್ಯವಹಾರ. ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇಂಥ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗೂ ಮಿಗಿಲು. ಕಂಪನಿಯೊಂದರ ಏಳಿಗೆಯಲ್ಲಿ ಪಾಲುಗೊಳ್ಳಲು ಷೇರು ಕೊಳ್ಳುವುದು ವ್ಯಾಪಾರ. ಬೆಳೆದ ಬೆಳೆಯ ಬೆಲೆ ಕುಸಿಯದಿರಲೆಂದು ವಾಯಿದೆ ಮಾಡಿಕೊಳ್ಳುವುದೂ ವ್ಯಾಪಾರವೇ. ಬೆಳಗಿನಿಂದ ಸಂಜೆಯ ತನಕ ಅಂಕಿಯ ಏರಿಳಿತದ ಮೇಲೆ ಪಣ ಕಟ್ಟುವುದನ್ನು ಬೇರೆ ಹೆಸರಿನಿಂದ ಕರೆದರೆ ಅದರ ಗುಣ ಬದಲಾಗದು. ಈ ಲಾಭದಿಂದ ಯಾರಿಗಾದರೂ ಸೇವೆ ಸಂದಿತೆ? ಇದು ಮತ್ತೊಬ್ಬನ ನಷ್ಟವಲ್ಲದೆ ಬೇರೆಲ್ಲಿಂದಾದರೂ ಬಂದಿತೆ? ಗೆದ್ದ ದಿನ ಮನಸ್ಸು ತೃಪ್ತವಾಗಿ ಎದ್ದು ಬರುತ್ತದೆಯೆ? ಮನೆಯವರಿಗೆ ಲೆಕ್ಕ ತೋರಿಸಲು ಅಂಜಿಕೆಯಿಲ್ಲವೆ? ಈ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಗಳಿಕೆಯ ಮುಂದೆ ಇಟ್ಟುಕೊಳ್ಳಬಹುದು.

ಬಸದಿಗಳ ಆಡಳಿತ ನಡೆಸುವ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಒಂದು ಹೊಣೆಯುಂಟು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಹೇಳುತ್ತ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೆ ಹೇಳಿದ್ದಾರೆ. ಗೆದ್ದರೆ ಬಸದಿಗೆ ಇಷ್ಟೆಂದು ಹರಕೆ ಹೊತ್ತು ಆಡಿದವನು ವೀತರಾಗನನ್ನೇ ತನ್ನ ಆಟದ ಪಾಲುದಾರನನ್ನಾಗಿ ಮಾಡಿದಂತಾಯಿತು. ಕೊಡುವುದೂ ಇಲ್ಲದ, ಕಸಿಯುವುದೂ ಇಲ್ಲದ ಜಿನನಿಗೆ ಇದಕ್ಕಿಂತ ದೊಡ್ಡ ಅವಿನಯ ಬೇರೊಂದಿಲ್ಲ. ಅಂಥ ಕಾಣಿಕೆಯನ್ನು ವಿನಯದಿಂದಲೇ ನಿರಾಕರಿಸುವುದು ಮಂಡಳಿಗೆ ಭೂಷಣ. ಉತ್ಸವದ ದಿನಗಳಲ್ಲಿ ಬಸದಿಯ ಜಾಗವನ್ನು ಜೂಜಿನ ಅಡ್ಡೆಗೆ ಬಿಡದಿರುವುದೂ, ನಿಧಿಯನ್ನು ಹೆಚ್ಚಿನ ಲಾಭದ ಆಸೆಯಿಂದ ಅಪಾಯದ ವ್ಯವಹಾರಕ್ಕೆ ಹೂಡದಿರುವುದೂ ಅದೇ ನೀತಿಯ ಅಂಗಗಳು.

ಆದರೆ ಹಣವನ್ನು ನಿರಾಕರಿಸುವ ಕೈಯು ಮನುಷ್ಯನನ್ನು ನಿರಾಕರಿಸಬಾರದು. ಜೂಜಿನಿಂದ ಸಾಲದಲ್ಲಿ ಮುಳುಗಿದವನನ್ನು ಕೊಲ್ಲುವುದು ಬಹಳ ವೇಳೆ ಸಾಲವಲ್ಲ, ನಾಚಿಕೆ. ಅವನು ಸತ್ಯವನ್ನು ಮನೆಯಲ್ಲಿ ಹೇಳಲಾರ, ಬಂಧುಗಳಲ್ಲಿ ಹೇಳಲಾರ. ಮುಚ್ಚಿಡಲು ಇನ್ನಷ್ಟು ಸಾಲ ಮಾಡುತ್ತಾನೆ, ಅದನ್ನು ತೀರಿಸಲು ಮತ್ತೆ ಆಡುತ್ತಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ ಎಂಬ ಎರಡು ಅಂಗಗಳಿವೆ. ಸಾಧರ್ಮಿಯ ದೋಷವನ್ನು ಬೀದಿಗೆ ಹಾಕದಿರುವುದು ಮೊದಲನೆಯದು. ಜಾರಿದವನನ್ನು ಮರಳಿ ನಿಲ್ಲಿಸುವುದು ಎರಡನೆಯದು. ಮೊದಲನೆಯದನ್ನು ಮಾತ್ರ ಪಾಲಿಸಿ ಎರಡನೆಯದನ್ನು ಬಿಟ್ಟರೆ ಅದು ದೋಷವನ್ನು ಬೆಳೆಸುವ ಮೌನವಾಗುತ್ತದೆ. ಲೆಕ್ಕಪತ್ರವನ್ನು ಕೆಲಕಾಲ ಮನೆಯ ಇನ್ನೊಬ್ಬರು ವಹಿಸಿಕೊಳ್ಳುವುದು, ಸಾಲದ ಪೂರ್ಣ ಪಟ್ಟಿಯನ್ನು ಒಮ್ಮೆಗೇ ಬರೆಯಿಸುವುದು, ಮನೋವೈದ್ಯರ ಸಲಹೆ ಪಡೆಯಲು ಜತೆಗೆ ಹೋಗುವುದು, ಸಂಜೆಯ ಖಾಲಿ ಹೊತ್ತಿಗೆ ಸ್ವಾಧ್ಯಾಯವನ್ನೋ ಸೇವೆಯನ್ನೋ ಒದಗಿಸುವುದು ಇವೆಲ್ಲ ಸ್ಥಿತಿಕರಣದ ಇಂದಿನ ರೂಪಗಳು. ಮನೋವ್ಯಾಧಿಗೆ ಚಿಕಿತ್ಸೆ ಪಡೆಯುವುದು ವ್ರತಕ್ಕೆ ವಿರುದ್ಧವಲ್ಲ. ವ್ರತವು ನಿಲ್ಲಲು ನೆಲವನ್ನು ಸಿದ್ಧಪಡಿಸಿದಂತೆ.

ಕಾರ್ಕಳದ ಬೆಟ್ಟದ ಮೇಲೆ 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಪ್ರತಿಷ್ಠೆ ಮಾಡಿಸಿದ 42 ಅಡಿ ಎತ್ತರದ ಬಾಹುಬಲಿಸ್ವಾಮಿಯು ನಿಂತಿದ್ದಾನೆ. ಅವನೂ ಒಂದು ಸ್ಪರ್ಧೆಗೆ ಇಳಿದವನೇ. ಸೈನ್ಯಗಳ ರಕ್ತಪಾತವನ್ನು ತಪ್ಪಿಸಲೆಂದು ಅಣ್ಣನಾದ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿದನು. ಎದುರಿಗಿದ್ದ ಪಣವು ಷಟ್ಖಂಡ ಭೂಮಂಡಲ. ಮೂರರಲ್ಲಿಯೂ ಗೆದ್ದನು. ಜೂಜುಗಾರನು ಸೋತಾಗ ಏಳಲಾರನು, ಏಕೆಂದರೆ ಹೋದುದು ಮರಳಬೇಕು. ಗೆದ್ದಾಗಲೂ ಏಳಲಾರನು, ಏಕೆಂದರೆ ಇನ್ನೂ ಬರಬೇಕು. ಬಾಹುಬಲಿಯಾದರೋ ಗೆದ್ದ ಕ್ಷಣದಲ್ಲಿಯೇ ಆ ಗೆಲುವು ಅಣ್ಣನ ಮುಖದಲ್ಲಿ ತಂದ ನೋವನ್ನು ಕಂಡನು, ತನ್ನೊಳಗಿನ ಕಷಾಯವನ್ನೂ ಕಂಡನು. ಗೆದ್ದುದನ್ನು ಅಲ್ಲಿಯೇ ಬಿಟ್ಟು ನಡೆದನು. ಸೋತವನ ಮುಖವನ್ನು ಕಾಣಬಲ್ಲವನಿಗೆ ಮಾತ್ರ ಗೆಲುವಿನಿಂದ ಬಿಡುಗಡೆಯುಂಟು. ಆ ಮುಖವನ್ನು ಮರೆಸುವ ಯಾವ ಆಟವೂ, ಅದೆಷ್ಟೇ ಪ್ರಾಮಾಣಿಕವಾಗಿರಲಿ, ಶ್ರಾವಕನ ಮನೆಯೊಳಗೆ ಬರತಕ್ಕುದಲ್ಲ. ಬೆಟ್ಟ ಹತ್ತಿ ಸ್ವಾಮಿಯ ದರ್ಶನ ಪಡೆದು ಬರುವ ಕುಟುಂಬಗಳು ಇಳಿಯುವಾಗ ತಮ್ಮ ಮಕ್ಕಳೊಡನೆ ಈ ಒಂದು ಮಾತನ್ನು ಆಡಿಕೊಂಡರೆ ಆ ದರ್ಶನವು ಸಾರ್ಥಕವಾದೀತು.